ಕೋಟಿ ಡಿಗ್ರಿ

ಆ ಪ್ರಯೋಗಾಲಯದಲ್ಲಿ ಯಾರ ಬಾಯಿಂದಾದರೂ ಡಿಗ್ರಿ ಎನ್ನುವ ಮಾತು ಬಂದರೆ ಅಂದಿನ ಸಂಜೆಯ ಚಹಾ ಅವರೇ ಮಾಡಬೇಕಿತ್ತು. ಬಹಳ ಹಿಂದಿನಿಂದ ನಡೆದುಕೊಂಡು ಬಂದ ಪದ್ಧತಿ ಅದು. ಉಕ್ಕಿನ ದೊಡ್ಡ ಪಾತ್ರೆಯೊಂದರೊಳಗೆ, ಅಯಸ್ಕಾಂತಗಳ ನಡುವೆ, ಗಾಳಿಗಿಂತ ಎಷ್ಟೋ ತೆಳುವಾದ ಅನಿಲವನ್ನು ಹಿಡಿದಿಟ್ಟು ಕಾಯಿಸುವುದು ಅಲ್ಲಿಯವರ ಕೆಲಸ. ಎಷ್ಟು ಕಾಯಿತು ಎಂದು ಕೇಳಿದರೆ ಅವರು ಇನ್ನೂರು ಎನ್ನುವರು, ಮುನ್ನೂರು ಎನ್ನುವರು. ನೋಡಲು ಬಂದ ಹೊರಗಿನವರು, ಇಷ್ಟೇನಾ, ನಮ್ಮ ಮನೆಯ ಒಲೆಯೂ ಅಷ್ಟು ಕಾಯುತ್ತದಲ್ಲ ಎಂದುಕೊಂಡು ಹಿಂದಿರುಗುವರು.

ಅವರು ಹೇಳುತ್ತಿದ್ದುದು ಎಲೆಕ್ಟ್ರಾನ್ ವೋಲ್ಟಿನ ಲೆಕ್ಕ. ಕಣದಷ್ಟು ಸಣ್ಣದರ ಶಕ್ತಿಯನ್ನು ಅಳೆಯುವ ಮಾನ ಅದು. ಅಂಥ ಒಂದು ವೋಲ್ಟಿಗೆ ಹನ್ನೊಂದು ಸಾವಿರದ ಆರುನೂರು ಡಿಗ್ರಿ. ತಾಪವನ್ನು ಶಕ್ತಿಗೆ, ಶಕ್ತಿಯನ್ನು ತಾಪಕ್ಕೆ ಬದಲಿಸುವ ಆ ಅಂಕಿಯನ್ನು ಅವರು ಬಾಯಲ್ಲಿ ಆಡುತ್ತಲೂ ಇರಲಿಲ್ಲ, ಹಾಳೆಯ ಮೇಲೆ ಬರೆಯುತ್ತಲೂ ಇರಲಿಲ್ಲ. ಮಳೆಯಲ್ಲಿ ಬಂದವರು ಕೊಡೆಯನ್ನು ಬಾಗಿಲ ಹೊರಗೆ ಬಿಟ್ಟು ಬರುವಂತೆ, ಅದನ್ನು ಹೊರಗೇ ಬಿಟ್ಟು ಒಳಗೆ ಬರುತ್ತಿದ್ದರು. ತಾಪವೂ ವೋಲ್ಟಿನಲ್ಲೇ, ಶಕ್ತಿಯೂ ವೋಲ್ಟಿನಲ್ಲೇ. ಹೀಗಾಗಿ ಅಂಕಿಗಳ ಸಾಲಿನ ತಲೆಯ ಮೇಲೆ ಮಾನದ ಹೆಸರನ್ನಷ್ಟೇ ಬರೆಯುವರು, ಅದು ಏನು ಎಂಬುದನ್ನು ಬರೆಯುವ ವಾಡಿಕೆಯಿರಲಿಲ್ಲ. ಬಲ್ಲವರಿಗೆ ಬಿಡಿಸಿ ಹೇಳುವುದೇಕೆ ಎನ್ನುವ ಒಂದು ಬಿಗುಮಾನ.

ಆ ಪ್ರಯೋಗಾಲಯದಲ್ಲಿ ಒಂದು ಕಾಲಕ್ಕೆ ಎಲ್ಲರೂ ಲೆಕ್ಕದಮ್ಮ ಎಂದು ಕರೆಯುತ್ತಿದ್ದವಳ ಕಥೆ ಇದು. ಪಾತ್ರೆಯಿಂದ ಹೊರಗೆ ಸಿಡಿದ ಕಣಗಳ ವೇಗವನ್ನು ಹಿಡಿದು, ಒಂದೊಂದರ ಪಾಲಿಗೆ ಸರಾಸರಿ ಎಷ್ಟು ಶಕ್ತಿ ಬಂತೆಂದು ಹೇಳುವ ಪ್ರೋಗ್ರಾಂ ಅವಳು ಬರೆದದ್ದು. ಅಲ್ಲಿಯೇ ಕೆಲಸ ಮಾಡುತ್ತಿದ್ದವನನ್ನು ಮದುವೆಯಾದಳು. ಹೆರಿಗೆ ಕಷ್ಟದ್ದಾಯಿತು, ಮಗಳು ಹುಟ್ಟಿದಾಗಿನಿಂದ ಸೀಕು, ಅತ್ತೆಯ ಮಂಡಿ ನೋವು ಬೇರೆ. ಒಂದು ವರ್ಷಕ್ಕೆಂದು ಬಿಟ್ಟ ಕೆಲಸ ಮಗಳು ಬ್ಯಾಗು ಹೊತ್ತು ಸ್ಕೂಲಿಗೆ ಹೋಗುವವರೆಗೂ ಬಿಟ್ಟಂತೆಯೇ ಇತ್ತು. ಈಗ ಅವಳ ಹಳೆಯ ವಿಭಾಗದಲ್ಲಿ ಒಂದು ಜಾಗ ಖಾಲಿಯಾಗಿತ್ತು. ಅರ್ಜಿ ಹಾಕಿದ್ದಳು. ನಿರ್ದೇಶಕರಿಗೂ ಮನಸ್ಸಿದೆ ಎಂದು ಸುದ್ದಿಯಿತ್ತು. ಬೆಳಿಗ್ಗೆ ಎದ್ದು ಕೈ ಮುಗಿದು ನಿಂತಾಗ, ಮಗಳ ಆರೋಗ್ಯ, ಗಂಡನ ಏಳಿಗೆ ಎಂದು ಎಲ್ಲವನ್ನೂ ಕೇಳಿಯಾದ ಮೇಲೆ, ತುಸು ಸಂಕೋಚದಿಂದ ಕೊನೆಗೆ ಅದನ್ನೂ ಕೇಳುತ್ತಿದ್ದಳು. ಇತ್ತೀಚೆಗೆ ಅದೊಂದನ್ನೇ ಕೇಳುತ್ತಿದ್ದಳು. ದೇವರಿಗೆ ಉಳಿದದ್ದೆಲ್ಲ ಗೊತ್ತೇ ಇದೆಯಲ್ಲ.

ಗಂಡನಿಗೆ ಏಳಿಗೆ ಆಗಲೇ ಬಂದಿತ್ತು. ಅವನು ನಡೆಸಿದ ಪ್ರಯೋಗದಲ್ಲಿ ಅನಿಲ ಒಂಬೈನೂರು ವೋಲ್ಟ್ ಮುಟ್ಟಿತ್ತು. ಡಿಗ್ರಿಯಲ್ಲಿ ಹೇಳಿದರೆ ಒಂದು ಕೋಟಿ ದಾಟುತ್ತದೆ. ಫೋಟೊದವರು ಬಂದರು, ಪತ್ರಿಕೆಯವರು ಬಂದರು, ಎಲ್ಲ ಕಡೆ ಕೋಟಿ ಡಿಗ್ರಿ, ಕೋಟಿ ಡಿಗ್ರಿ ಎಂದಾಯಿತು. ಅಂದು ಪ್ರಯೋಗಾಲಯದಲ್ಲಿ ಎಲ್ಲರೂ ಬಾಯಿ ತುಂಬ ಡಿಗ್ರಿ ಎಂದರು, ಯಾರೂ ಚಹಾ ಮಾಡಲಿಲ್ಲ. ಅವನು ವಿಭಾಗದ ಮುಖ್ಯಸ್ಥನಾಗುವುದು ಖಚಿತವೆಂದು ಮಾತಾಯಿತು.

"ಅಷ್ಟು ಬಿಸಿ ಇದ್ರೆ ಒಂದು ಬಕೆಟ್ ನೀರು ಕಾಯಿಸ್ಕೊಂಡು ಬರಬಾರದೇನೋ, ನನ್ನ ಮಂಡಿಗಾದ್ರೂ ಆಗೋದು," ಎಂದಿದ್ದರು ಅತ್ತೆ.

"ಬಕೆಟ್ ಅಲ್ಲಮ್ಮ, ಅದರಲ್ಲಿ ಒಂದು ಲೋಟ ನೀರೂ ಕಾಯಲ್ಲ," ಎಂದು ಮಗ ನಕ್ಕ. "ಒಂದೊಂದು ಕಣಕ್ಕೂ ಬಿಸಿ ಜಾಸ್ತಿ. ಆದ್ರೆ ಕಣಗಳೇ ಕಡಿಮೆ."

"ಕೋಟಿ ಇಟ್ಕೊಂಡು ಒಂದು ಲೋಟಕ್ಕೂ ಗತಿಯಿಲ್ಲ ಅನ್ನು. ನಮ್ಮ ದೊಡ್ಡಪ್ಪನ ಮನೆ ಹಾಗೇ ಆಯ್ತಲ್ಲೋ ಇದು."

ಎಲ್ಲರೂ ನಕ್ಕಿದ್ದರು. ಲೆಕ್ಕದಮ್ಮನೂ ನಕ್ಕಿದ್ದಳು. ತಾನು ಬರೆದ ಪ್ರೋಗ್ರಾಂ ಆ ಅಂಕಿ ಕೊಟ್ಟಿತೆಂಬ ಸಂತೋಷ ಅವಳಿಗೆ ಒಳಗೊಳಗೇ ಇತ್ತು. ಅದನ್ನು ಯಾರೂ ಹೇಳಲಿಲ್ಲ. ಹೇಳಲಿ ಎಂದು ಅವಳೂ ಕಾಯಲಿಲ್ಲ.

ತಿಂಗಳುಗಳು ಕಳೆದವು. ಒಂದು ಸಂಜೆ ಗಂಡ ಊಟಕ್ಕೆ ಕೂತವನು ತಟ್ಟೆಯಲ್ಲಿ ಕೈಯಾಡಿಸುತ್ತಲೇ ಇದ್ದ, ತುತ್ತು ಬಾಯಿಗೆ ಹೋಗಲಿಲ್ಲ.

"ಬೇರೆ ತಂಡದವರು ಲೇಸರ್ ತಂದಿದ್ರಲ್ಲ," ಎಂದ. "ನಮ್ಮ ಪಾತ್ರೆಗೇ ಜೋಡಿಸಿ ತಾಪ ಅಳೆದ್ರು. ಅವರಿಗೆ ಆರುನೂರು ಬಂತಂತೆ. ನಮ್ಮ ಹಾಗೆ ಒಂಬೈನೂರು ಬರ್ಲೇ ಇಲ್ಲವಂತೆ. ಡೈರೆಕ್ಟರ್ ಮುಖ ಸಪ್ಪಗಾಗಿ ಹೋಗಿದೆ."

ಅವಳು ಬಡಿಸುತ್ತಿದ್ದ ಕೈಯನ್ನು ಹಾಗೇ ತಡೆದಳು.

"ಒಂಬೈನೂರು, ಆರುನೂರು. ಸರಿಯಾಗಿ ಒಂದೂವರೆ ಪಟ್ಟು ಅಲ್ವೇನ್ರಿ?"

"ಹೂಂ?"

"ಪ್ರೋಗ್ರಾಂ ಕೊಡೋದು ಸರಾಸರಿ ಶಕ್ತಿ. ಅದು ತಾಪ ಅಲ್ಲ. ತಾಪ ಬೇಕಂದ್ರೆ ಅದರಲ್ಲಿ ಮೂರರಲ್ಲಿ ಎರಡು ಪಾಲು ತಗೋಬೇಕು. ನಾನು ಹೇಳಿದ್ನಲ್ಲ, ಆಗಲೇ, ನಾನು ಕೆಲಸ ಬಿಟ್ಟು ಬಂದಾಗ. ನೀವು ಎರಡು ಪಾಲು ತಗೊಂಡೇ ಒಂಬೈನೂರು ಅಂದಿದ್ದೀರಿ ಅಂದ್ಕೊಂಡಿದ್ದೆ."

ಅವಳು ಹೇಳಿದ್ದರಲ್ಲಿ ದೊಡ್ಡ ಗುಟ್ಟೇನೂ ಇರಲಿಲ್ಲ. ಕಣಕ್ಕೆ ಓಡಲು ಮೂರು ದಿಕ್ಕುಗಳಿವೆ. ಉದ್ದಕ್ಕೆ, ಅಗಲಕ್ಕೆ, ಎತ್ತರಕ್ಕೆ. ಒಂದೊಂದು ದಿಕ್ಕೂ ತಾಪದ ಅರ್ಧದಷ್ಟು ಶಕ್ತಿಯನ್ನು ಎತ್ತಿಕೊಳ್ಳುತ್ತದೆ. ಮೂರು ಅರ್ಧ ಸೇರಿದರೆ ಒಂದೂವರೆ. ತಾಪ ಆರುನೂರಾದರೆ ಸರಾಸರಿ ಶಕ್ತಿ ಒಂಬೈನೂರು. ಎರಡಕ್ಕೂ ಮಾನ ಒಂದೇ, ವೋಲ್ಟು. ಯಾವುದು ಯಾವುದೆಂದು ಬಾಯಿಬಿಟ್ಟು ಹೇಳದಿದ್ದರೆ ಒಂದು ಇನ್ನೊಂದರ ಅಂಗಿ ತೊಟ್ಟು ಹೊರಟುಬಿಡುತ್ತದೆ. ಅವಳ ಪ್ರೋಗ್ರಾಂ ತಾಪವನ್ನು ಕೊಡದೆ ಶಕ್ತಿಯನ್ನೇ ಕೊಡುತ್ತಿದ್ದುದಕ್ಕೂ ಕಾರಣವಿತ್ತು. ಕಣಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಹಂಚಿಕೊಂಡು, ಹೊಂದಿಕೊಂಡ ಮೇಲಷ್ಟೇ ತಾಪ ಎನ್ನುವ ಮಾತಿಗೆ ಅರ್ಥ ಬರುತ್ತದೆ. ಅದಕ್ಕೆ ಮುಂಚೆ ಎಲ್ಲರಿಗೂ ಒಂದೇ ತಾಪವೆಂದು ಹೇಳುವುದು ಸುಳ್ಳಾಗುತ್ತದೆ. ಸುಳ್ಳಾಗುವುದನ್ನು ಬರೆಯಬಾರದೆಂದು ಅವಳು ಶಕ್ತಿಯನ್ನಷ್ಟೇ ಬರೆದಿದ್ದಳು. ಸಾಲಿನ ತಲೆಯ ಮೇಲೆ ಮಾತ್ರ, ಅಲ್ಲಿಯ ವಾಡಿಕೆಯಂತೆ, ಮಾನದ ಹೆಸರೊಂದನ್ನೇ ಹಾಕಿದ್ದಳು.

"ಎರಡು ಪಾಲು ತಗೊಂಡ್ರೆ ಅರವತ್ತೊಂಬತ್ತು ಲಕ್ಷದ ಅರವತ್ತು ಸಾವಿರ," ಎಂದ ಗಂಡ, ತಟ್ಟೆಯಿಂದ ತಲೆಯೆತ್ತದೆ. "ಅಷ್ಟಕ್ಕೆ ಯಾರು ಫೋಟೊ ಹಿಡಿಯೋಕೆ ಬರ್ತಾರೆ?"

"ಊಟ ಮಾಡೋವಾಗ ಲಕ್ಷ ಸಾವಿರ ಅನ್ನಬೇಡ್ರೋ," ಎಂದರು ಅತ್ತೆ. "ಪಕ್ಕದ ಮನೆಯವರು ಕೇಳಿಸ್ಕೊಂಡ್ರೆ ಸಾಲ ಕೇಳೋಕೆ ಬಂದಾರು."

ಪಾತ್ರೆ ತೊಳೆಯುವಾಗ ಲೆಕ್ಕದಮ್ಮನ ಕೈ ತಾನಾಗಿ ನಿಂತಿತು. ನಲ್ಲಿಯ ನೀರು ಹರಿಯುತ್ತಲೇ ಇತ್ತು.

ಅವಳ ಗಂಡ ಬುದ್ಧಿವಂತ, ಆದರೆ ಬಾಯಿಲೆಕ್ಕದಲ್ಲಿ ಸೋಮಾರಿ. ತರಕಾರಿ ಕೊಳ್ಳುವಾಗಲೂ ಫೋನು ತೆಗೆದು ಒತ್ತಿ ನೋಡುವವನು. ಡಿಗ್ರಿಗೆ ತಿರುಗಿಸುವುದಂತೂ ಆ ಪ್ರಯೋಗಾಲಯದವರಿಗೆ ನಾಚಿಕೆಯ ಕೆಲಸ. ಅಂಥವನ ಬಾಯಲ್ಲಿ ಅರವತ್ತೊಂಬತ್ತು ಲಕ್ಷದ ಅರವತ್ತು ಸಾವಿರ ತಡವಿಲ್ಲದೆ ಬಂತು. ಆರುನೂರನ್ನು ಹನ್ನೊಂದು ಸಾವಿರದ ಆರುನೂರರಿಂದ ಗುಣಿಸಲು ಅವನು ಕಣ್ಣು ಕೂಡ ಮುಚ್ಚಲಿಲ್ಲ. ಇಂದು ಕೂಡಿ ಕಳೆದ ಲೆಕ್ಕವಾಗಿದ್ದರೆ ಅಷ್ಟು ಸಲೀಸಾಗಿ ಬರುತ್ತಿರಲಿಲ್ಲ. ಎಂದೋ ಲೆಕ್ಕ ಹಾಕಿ, ನೋಡಿ, ಬದಿಗಿಟ್ಟ ಅಂಕಿ ಅದು. ಫೋಟೊದವರು ಬರುವುದಕ್ಕೆ ಮುಂಚೆಯೇ ಅವನ ಮುಂದೆ ಎರಡೂ ಇದ್ದವು. ಅವನು ಕೋಟಿಯನ್ನು ಎತ್ತಿಕೊಂಡ.

ದೇವರೇ, ನಾನು ತಪ್ಪು ತಿಳಿದಿರಲಿ, ಎಂದು ಅವಳು ಸೋಪಿನ ಕೈಯನ್ನು ಹಾಗೇ ಜೋಡಿಸಿದಳು. ಅವಳು ತಪ್ಪು ತಿಳಿದಿರಲಿಲ್ಲ.

ಮಾರನೆಯ ಸಂಜೆ ಅವನು ಬೇಗ ಬಂದ. ಮಗಳು ಆಡಲು ಹೋಗಿದ್ದಳು. ಅತ್ತೆ ಕಿಟಕಿಯ ಬಳಿ ಕೂತು ಬೀನ್ಸ್ ಬಿಡಿಸುತ್ತಿದ್ದರು. ಅವನು ಚಪ್ಪಲಿ ಬಿಡುತ್ತಲೇ ಹೇಳಿದ, "ಡೈರೆಕ್ಟರ್ ನಿನ್ನನ್ನ ಬರೋಕೆ ಹೇಳಿದಾರೆ. ನಾಳೆ."

"ಕೆಲಸದ ವಿಷಯನಾ?"

"ಅಲ್ಲ. ಒಂದು ಮಾತು ಬರೆದುಕೊಡಬೇಕು. ಪ್ರೋಗ್ರಾಂನಲ್ಲಿ ದೋಷ ಇತ್ತು, ಬರೆದೋರು ಕೆಲಸ ಬಿಟ್ಟು ಹೋದ್ದರಿಂದ ಯಾರಿಗೂ ಗೊತ್ತಾಗಲಿಲ್ಲ, ಅಂತ."

"ದೋಷ ಇರಲಿಲ್ಲವಲ್ಲ."

"ಇರಲಿಲ್ಲ, ಒಪ್ಪಿದೆ. ಆದ್ರೆ ಯಾರೋ ಒಬ್ರು ತಲೆ ಮೇಲೆ ಹೊತ್ಕೋಬೇಕು. ನೀನಾದ್ರೆ ಅಲ್ಲಿ ಇಲ್ಲ. ನಿನಗೇನು ಹೋಗತ್ತೆ?"

"ಕೆಲಸ ಹೋಗತ್ತೆ."

"ಇನ್ನೂ ಬರದೇ ಇರೋ ಕೆಲಸ ಹೇಗೆ ಹೋಗತ್ತೆ, ಹೇಳು."

ಅವಳು ಬಾಗಿಲಿಗೆ ಒರಗಿ ನಿಂತಳು. ದನಿ ಏರಲಿಲ್ಲ. ಏರಿಸಿ ಮಾತಾಡುವುದು ಅವಳ ಹುಟ್ಟುಗುಣವೇ ಅಲ್ಲ.

"ಅರವತ್ತೊಂಬತ್ತು ಲಕ್ಷದ ಅರವತ್ತು ಸಾವಿರ. ಅದನ್ನ ಯಾವಾಗ ಲೆಕ್ಕ ಹಾಕಿದ್ರಿ?"

ಅವನು ಕಣ್ಣು ತಪ್ಪಿಸಿದ. ಮತ್ತೆ, ಇನ್ನೇನು ಮುಚ್ಚಿಡುವುದು ಎನ್ನುವಂತೆ ಕುರ್ಚಿಯಲ್ಲಿ ಕೂತ.

"ಎರಡನ್ನೂ ಹಾಕಿ ನೋಡಿದ್ದೆ. ಅದರಲ್ಲೇನಿದೆ? ಎರಡೂ ವೋಲ್ಟೇ. ಒಂದನ್ನ ಇನ್ನೊಂದರ ಹೆಸರಲ್ಲಿ ಕರೆದೆ. ಹೊರಗಿನೋರಿಗೆ ಕೋಟಿ ಅಂದ್ರೆ ಅರ್ಥ ಆಗತ್ತೆ, ಅರವತ್ತೊಂಬತ್ತು ಅಂದ್ರೆ ಕಿವಿಗೇ ಬೀಳಲ್ಲ. ಇವತ್ತಲ್ಲ ನಾಳೆ ನಿಜವಾಗ್ಲೂ ಕೋಟಿ ಮುಟ್ಟತ್ತೆ, ಆವಾಗ ಯಾರು ಹಿಂದೆ ತಿರುಗಿ ನೋಡ್ತಾರೆ ಅಂದ್ಕೊಂಡೆ."

"ನಾನು ನೋಡ್ತಿದ್ದೆ ಅಂತ ಅನ್ನಿಸಲಿಲ್ವಾ?"

"ನೀನು ಮನೇಲಿದ್ದೆಯಲ್ಲ," ಎಂದ ಅವನು. ಚುಚ್ಚಬೇಕೆಂದು ಹೇಳಿದ್ದಲ್ಲ. ನೀರು ಕೆಳಕ್ಕೆ ಹರಿಯುತ್ತದೆ ಎಂದಷ್ಟೇ ಸಹಜವಾಗಿ ಹೇಳಿದ. ಅವಳ ಎದೆಯಲ್ಲಿ ಏನೋ ತಣ್ಣಗಾದದ್ದು ಆಗಲೇ.

ಅವಳು ಅತ್ತೆಯ ಕಡೆಗೆ ತಿರುಗಿದಳು. ಅಂದು, ಮಗುವಿಗೆ ಎಣ್ಣೆ ಸವರುತ್ತ ಅವಳು ಗಂಡನಿಗೆ ಮೂರರಲ್ಲಿ ಎರಡು ಪಾಲಿನ ಮಾತು ಹೇಳಿದಾಗ, ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದವರು ಅತ್ತೆಯೇ. ಹಾಲು ಹಂಚುವ ಮಾತೆಂದು ತಿಳಿದು, ಎರಡು ಪಾಲು ನೀವು ತಗೊಳ್ಳಿ, ಉಳಿದ ಒಂದು ಈ ಮುದುಕಿಗಿರಲಿ ಎಂದಿದ್ದರು. ಮೂವರೂ ಹೊಟ್ಟೆ ಹಿಡಿದು ನಕ್ಕಿದ್ದರು.

"ಅತ್ತೆ, ನಿಮಗೆ ನೆನಪಿದೆಯಲ್ಲ? ನಾನು ಇವರಿಗೆ ಹೇಳಿದ್ದು, ನೀವು ತಮಾಷೆ ಮಾಡಿದ್ದು?"

ಅತ್ತೆಯ ಬೆರಳು ನಿಲ್ಲಲಿಲ್ಲ. ಒಂದು ಕಾಯಿ ಮುರಿದರು, ನಾರು ಎಳೆದರು, ಇನ್ನೊಂದು ಎತ್ತಿಕೊಂಡರು. ಯಾವ ಮದುವೆಯಲ್ಲಿ ಯಾರು ಯಾವ ಬಣ್ಣದ ಸೀರೆ ಉಟ್ಟಿದ್ದರು ಎನ್ನುವುದನ್ನು ನಲವತ್ತು ವರ್ಷದ ಮೇಲೂ ಹೇಳಬಲ್ಲ ಹೆಂಗಸು.

"ನನಗೆಲ್ಲಮ್ಮ ನೆನಪಿರತ್ತೆ," ಎಂದರು. "ನಿಮ್ಮ ಲೆಕ್ಕ ನನಗೇನು ತಿಳೀಬೇಕು? ಮನೆ ಮಾತು ಮನೇಲಿರಲಿ. ಅವನಿಗೆ ದೊಡ್ಡ ಕುರ್ಚಿ ಬಂದ್ರೆ ಅದರಲ್ಲಿ ನಿನ್ನ ಪಾಲೂ ಇಲ್ವಾ?"

ಲೆಕ್ಕದಮ್ಮ ಬೀನ್ಸಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ನಿರ್ದೇಶಕರ ಕೋಣೆಯಲ್ಲಿ ಒಂದು ಉದ್ದನೆಯ ಮೇಜು, ಎರಡು ಕಿಟಕಿ, ಗೋಡೆಗೆ ಕೋಟಿ ಡಿಗ್ರಿಯ ದಿನದ ದೊಡ್ಡ ಫೋಟೊ. ಫೋಟೊದಲ್ಲಿ ಅವಳ ಗಂಡ ಪಾತ್ರೆಯ ಮೇಲೆ ಕೈಯಿಟ್ಟು ನಿಂತಿದ್ದ. ಸಾಕಿದ ಹಸುವಿನ ಬೆನ್ನಿನ ಮೇಲೆ ಇಟ್ಟ ಹಾಗೆ. ನಿರ್ದೇಶಕರು ವಯಸ್ಸಾದವರು, ಮೆತ್ತನೆಯ ಮನುಷ್ಯ, ಜಗಳವೆಂದರೆ ಆಗದು. ಎದ್ದು ನಿಂತು ಅವಳಿಗೆ ಕುರ್ಚಿ ತೋರಿಸಿದರು.

"ಬನ್ನಿ ಲೆಕ್ಕದಮ್ಮ, ಎಷ್ಟು ದಿನ ಆಯ್ತು ನೋಡಿ. ಕೂತ್ಕೊಳ್ಳಿ. ನಿಮ್ಮ ಯಜಮಾನರು ಎಲ್ಲ ಹೇಳಿರಬೇಕಲ್ಲ."

"ಹೇಳಿದಾರೆ ಸರ್. ಬರೆಯೋಕೆ ಮುಂಚೆ ಒಂದು ಸಲ ಪ್ರೋಗ್ರಾಂ ಓಡಿಸಿ ನೋಡೋಣ. ಇಲ್ಲೇ, ನಿಮ್ಮ ಕಂಪ್ಯೂಟರಿನಲ್ಲೇ."

ಗಂಡ ಕೆಮ್ಮಿದ. ನಿರ್ದೇಶಕರು ಕುರ್ಚಿ ಸರಿಸಿ ಜಾಗ ಕೊಟ್ಟರು.

ಅವಳು ಪಾತ್ರೆಯಿಂದ ಬಂದ ಅಂಕಿಗಳನ್ನು ಮುಟ್ಟಲಿಲ್ಲ. ತಾಪ ಸರಿಯಾಗಿ ನೂರು ವೋಲ್ಟ್ ಇದ್ದರೆ ಕಣಗಳ ವೇಗ ಹೇಗೆ ಹೇಗೆ ಹರಡಿರಬೇಕೋ ಹಾಗೆ ಒಂದು ಲಕ್ಷ ಕಣಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿದಳು. ಬೆರಳುಗಳಿಗೆ ದಾರಿ ಮರೆತಿರಲಿಲ್ಲ. ಅಷ್ಟು ವರ್ಷ ಸೌಟು ಹಿಡಿದ ಕೈ ಕೀಲಿಗಳ ಮೇಲೆ ಕೂತ ಕೂಡಲೇ ತವರಿಗೆ ಬಂದಂತೆ ಹಗುರಾಯಿತು. ಆ ಕಣಗಳನ್ನು ತನ್ನ ಹಳೆಯ ಪ್ರೋಗ್ರಾಮಿಗೆ ಕೊಟ್ಟಳು. ಪರದೆಯ ಮೇಲೆ ಉತ್ತರ ಬಂತು. ನೂರೈವತ್ತು.

"ನೂರು ಕೊಟ್ರೆ ನೂರೈವತ್ತು ಬಂತು," ಎಂದರು ನಿರ್ದೇಶಕರು. ಮುಂದಕ್ಕೆ ಬಾಗಿದರು. ಅವರ ತುಟಿ ಏನನ್ನೋ ಗುಣಿಸಿತು. "ಓಹೋ. ಸರಾಸರಿ ಶಕ್ತಿ."

"ಹೌದು ಸರ್. ಅದು ಕೊಡಬೇಕಾದ್ದೇ ಅದು. ಅಂದೂ ಅದನ್ನೇ ಕೊಡ್ತಿತ್ತು. ಪ್ರೋಗ್ರಾಂನಲ್ಲಿ ದೋಷ ಇಲ್ಲ. ಸಾಲಿನ ಮೇಲೆ ಶಕ್ತಿ ಅಂತ ಒಂದು ಮಾತು ಬರೆದಿಲ್ಲ, ಅದು ನನ್ನ ತಪ್ಪು. ಬೇಕಾದ್ರೆ ಅಷ್ಟನ್ನ ಬರೆದುಕೊಡ್ತೀನಿ."

"ಇಲ್ಲಿ ಯಾರು ಬರೀತಾರೆ ಬಿಡಿ," ಎಂದು ಅವರು ಕೈ ಬೀಸಿದರು. ಆಮೇಲೆ ಗಂಡನತ್ತ ತಿರುಗಿದರು. "ನಿಮಗೆ ಗೊತ್ತಿತ್ತೇನ್ರಿ? ಇದು ತಾಪ ಅಲ್ಲ ಅಂತ?"

ಲೆಕ್ಕದಮ್ಮ ಗಂಡನ ಮುಖ ನೋಡಲಿಲ್ಲ, ಅವನ ಕೈ ನೋಡಿದಳು. ಇಬ್ಬರಿಗೂ ಇನ್ನೊಂದು ದಾರಿ ಇರುವುದಾದರೆ ಅದು ಈ ಒಂದು ಗಳಿಗೆಯಲ್ಲಿ ಇತ್ತು. ಹೌದು ಎಂದುಬಿಡಲಿ ಎಂದು ಅವಳು ಮನಸ್ಸಿನಲ್ಲೇ ಕೈ ಮುಗಿದಳು. ಬೆಳಿಗ್ಗೆಯಿಂದ ಕೆಲಸವನ್ನು ಬೇಡಿದವಳು ಆ ಗಳಿಗೆಯಲ್ಲಿ ಕೆಲಸವನ್ನು ಮರೆತು ಅದನ್ನು ಬೇಡಿದಳು.

"ಇಲ್ಲ ಸರ್," ಎಂದ ಅವನು. ಕೈ ನಡುಗಲಿಲ್ಲ. "ಇವಳು ನನಗೆ ಯಾವತ್ತೂ ಹೇಳಿಲ್ಲ."

"ಹೇಳಿದ್ರೇನಮ್ಮ?"

"ಹೇಳಿದ್ದೆ ಸರ್."

ನಿರ್ದೇಶಕರು ಇಬ್ಬರನ್ನೂ ಒಮ್ಮೆ ನೋಡಿದರು. ಅವರಿಗೆ ತಿಳಿಯಲಿಲ್ಲವೆಂದಲ್ಲ. ತಿಳಿದದ್ದನ್ನು ಎಲ್ಲಿ ಇಡುವುದೆಂದು ಅವರು ಯೋಚಿಸುತ್ತಿದ್ದರು. ಕೊನೆಗೆ ಕನ್ನಡಕ ತೆಗೆದು ಒರೆಸಿಕೊಂಡರು.

"ಗಂಡ ಹೆಂಡತಿ ಮನೇಲಿ ಆಡಿದ ಮಾತಿಗೆ ನಾನು ಸಾಕ್ಷಿ ಎಲ್ಲಿಂದ ತರಲಿ? ಬಿಡಿ. ಯಾರ ಹೆಸರೂ ಬೇಡ. ತಾಪ, ಶಕ್ತಿ ಎರಡನ್ನೂ ಒಂದೇ ಮಾನದಲ್ಲಿ ಬರೆಯೋ ವಾಡಿಕೆಯಿಂದ ತಪ್ಪು ನುಸುಳಿತು, ಸರಿಯಾದ ತಾಪ ಆರುನೂರು, ಅಂತ ಎರಡು ಸಾಲು ಹಾಕೋಣ. ವಾಡಿಕೆಗೆ ಯಾರು ಶಿಕ್ಷೆ ಕೊಡ್ತಾರೆ? ಆರುನೂರೂ ಸಣ್ಣದೇನಲ್ಲ." ಅವರ ಮುಖ ತಿಳಿಯಾಯಿತು. "ಒಂದು ಒಳ್ಳೇದಾಯ್ತು ನೋಡಿ. ನಿಮ್ಮ ಕೈ ಇನ್ನೂ ಹಾಗೇ ಇದೆ. ಆ ಜಾಗ ನಿಮಗೇ. ಮುಂದಿನ ವಾರದಿಂದ ಬನ್ನಿ. ನಿಮ್ಮ ಯಜಮಾನರೇ ಮುಖ್ಯಸ್ಥರು, ಅವರು ಪ್ರಯೋಗ ನಡೆಸಲಿ, ನೀವು ಅಂಕಿ ನೋಡ್ಕೊಳ್ಳಿ. ಇನ್ನು ಇಂಥದ್ದು ಆಗೋ ಮಾತೇ ಇಲ್ಲ."

ಗಂಡ ಉಸಿರು ಬಿಟ್ಟ. ಬಿಗಿದಿದ್ದ ಮುಖದಲ್ಲಿ ನಗು ಕಾಣಿಸಿತು. ನಿಜವಾದ ನಗುವೇ. ಅವಳಿಗೆ ಕೆಲಸ ಸಿಕ್ಕಿದ್ದು ಅವನಿಗೂ ಸಂತೋಷವೇ ಆಗಿತ್ತು. ಕೆಟ್ಟವನಲ್ಲ ಅವನು. ಅದೇ ಅವಳಿಗೆ ಹೆಚ್ಚು ಕಹಿಯಾಯಿತು.

ಅವಳು ಕಿಟಕಿಯಾಚೆ ನೋಡಿದಳು. ಕೆಳಗೆ ಅಂಗಳದಲ್ಲಿ ಯಾರೋ ಅನಿಲದ ಸಿಲಿಂಡರನ್ನು ಓರೆಯಾಗಿ ಹಿಡಿದು ಉರುಳಿಸಿಕೊಂಡು ಹೋಗುತ್ತಿದ್ದರು. ಅಷ್ಟು ಬೆಳಗು ಬೇಡಿದ್ದು ಕೈಗೆ ಬಂದು ಕೂತಿತ್ತು, ದೇವರು ಕಿವುಡನಲ್ಲ ಎನ್ನುವುದಕ್ಕೆ ಸಾಕ್ಷಿಯ ಹಾಗೆ. ಅದನ್ನು ಹಿಡಿಯಲು ಬೆರಳು ಮಡಚಬೇಕಷ್ಟೆ. ಬೆರಳು ಮಡಚಲಿಲ್ಲ.

"ಬೇಡ ಸರ್," ಎಂದಳು.

"ಯಾಕಮ್ಮ?"

"ಇವರು ಹೇಳಿದ ಪ್ರತಿಯೊಂದು ಅಂಕಿನೂ ನಾನು ಇನ್ನೊಂದು ಸಲ ನೋಡಬೇಕಾಗತ್ತೆ. ಮನೇಲಿ ಹೇಗೂ ನೋಡಲೇಬೇಕು ಇನ್ನು. ಇಲ್ಲೂ ಅದನ್ನೇ ಮಾಡೋಕೆ ನನಗೆ ತ್ರಾಣ ಇಲ್ಲ ಸರ್."

ಗಂಡ ನೆಲ ನೋಡಿದ. ಅವಳು ಕುರ್ಚಿಯನ್ನು ಸದ್ದಾಗದಂತೆ ಮೇಜಿನ ಕೆಳಕ್ಕೆ ಸರಿಸಿ, ಇಬ್ಬರಿಗೂ ತಲೆ ಬಾಗಿಸಿ ಹೊರಗೆ ಬಂದಳು.

ಮೆಟ್ಟಿಲಿನಲ್ಲಿ ಅವನು ಹಿಂದೆಯೇ ಓಡಿ ಬಂದ.

"ಏನೇ ನೀನು, ಕೈಗೆ ಬಂದಿದ್ದನ್ನ ಬಿಟ್ಟು. ಕೋಪ ಇದ್ರೆ ನನ್ನ ಮೇಲೆ ತೀರಿಸ್ಕೋ."

"ಕೋಪ ಇಲ್ಲ ಕಣ್ರಿ," ಎಂದಳು. ಇರಲೂ ಇಲ್ಲ. ಇದ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಕೋಪ ಆರುತ್ತದೆ, ಆರಿದ ಮೇಲೆ ಮನೆ ಮೊದಲಿನಂತಾಗುತ್ತದೆ.

"ಬಾ, ಬೈಕಿನಲ್ಲಿ ಬಿಡ್ತೀನಿ."

"ಬಸ್ಸಿಗೆ ಹೋಗ್ತೀನಿ."

ಎರಡು ಸಾಲಿನ ತಿದ್ದುಪಡಿ ಪ್ರಕಟವಾಯಿತು. ಓದಿದವರು ಕಡಿಮೆ. ಗೋಡೆಯ ಮೇಲಿನ ಫೋಟೊ ಅಲ್ಲೇ ಉಳಿಯಿತು. ಅವನು ಮುಖ್ಯಸ್ಥನಾದ. ಖಾಲಿ ಜಾಗಕ್ಕೆ ಬೇರೆ ಯಾರೋ ಬಂದರು. ಅತ್ತೆ ಸೊಸೆಯನ್ನು ಮೊದಲಿಗಿಂತ ಹೆಚ್ಚು ಅಕ್ಕರೆಯಿಂದ ಮಾತಾಡಿಸತೊಡಗಿದರು, ಕೇಳದೆಯೇ ಅವಳ ಲೋಟಕ್ಕೆ ಹಾಲು ಹಾಕುವರು. ಲೆಕ್ಕದಮ್ಮ ಬೆಳಿಗ್ಗೆ ಎದ್ದು ಕೈ ಮುಗಿದು ನಿಲ್ಲುವುದನ್ನು ಬಿಡಲಿಲ್ಲ. ಏನನ್ನು ಕೇಳಬೇಕೆಂದು ಮಾತ್ರ ಹೊಳೆಯುತ್ತಿರಲಿಲ್ಲ. ಸುಮ್ಮನೆ ಸ್ವಲ್ಪ ಹೊತ್ತು ನಿಂತು ಬರುವಳು.

ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಹೊರಗೆ ಹೊರಟಿದ್ದರು. ಮಗಳು ಮೆಟ್ಟಿಲಿಳಿದು ಗೇಟಿನ ಹತ್ತಿರ ಕುಣಿಯುತ್ತಿದ್ದಳು, ಅತ್ತೆ ಕೋಲು ಹಿಡಿದು ಆಗಲೇ ಬೀದಿಗೆ ಬಂದಿದ್ದರು. ಅವಳು ಬಾಗಿಲಲ್ಲಿ ನಿಂತು, "ಗ್ಯಾಸ್ ಆಫ್ ಮಾಡಿದ್ರಾ?" ಎಂದು ಕೇಳಿದಳು.

"ಮಾಡಿದೀನಿ," ಎಂದ ಅವನು, ಬೀಗ ಕೈಯಲ್ಲಿ ಹಿಡಿದು.

ಅವಳು ಒಂದು ಕ್ಷಣ ನಿಂತಳು. ಆಮೇಲೆ ಹಾಕಿದ ಚಪ್ಪಲಿ ಬಿಟ್ಟು ಒಳಗೆ ಹೋದಳು, ಅಡುಗೆಮನೆಯ ಕತ್ತಲಿನಲ್ಲಿ ಬಗ್ಗಿ ಗ್ಯಾಸಿನ ಗುಬುಟು ಮುಟ್ಟಿ ನೋಡಿದಳು. ಆಫ್ ಆಗಿತ್ತು. ಬಾಗಿಲ ಬಳಿ ಅವನು ಬೀಗ ಹಿಡಿದು ಅವಳು ನೋಡಿ ಬರುವುದನ್ನೇ ಕಾಯುತ್ತಿದ್ದ.